ನಿಲ್ಲದ ಕೈ

ಆ ಊರಿನಲ್ಲಿ ಕೊಡುವವರು ತಾವಾಗಿ ನಿಲ್ಲಿಸುವಂತಿರಲಿಲ್ಲ. ತೆಗೆದುಕೊಳ್ಳುವವರು ‘ಸಾಕು’ ಅನ್ನಬೇಕು, ಆಮೇಲೆಯೇ ಕೊಡುವ ಕೈ ನಿಲ್ಲಬೇಕು. ಪಾತ್ರೆ ಹಿಡಿದವಳು ಸಾಕು ಅನ್ನುವ ತನಕ ಎಣ್ಣೆಯವನು ಎಣ್ಣೆ ಸುರಿಯುತ್ತಿದ್ದ. ಕೈ ಚಾಚಿದವಳು ಸಾಕು ಅನ್ನುವ ತನಕ ಬಳೆಗಾರ ಬಳೆ ತೊಡಿಸುತ್ತಿದ್ದ. ನೆಂಟರ ಮನೆಯಲ್ಲಿ ಪಾಯಸ ಬಡಿಸುವಾಗ ಪಕ್ಕದವರ ಜೊತೆ ಮಾತಿಗೆ ಬಿದ್ದಿರೋ, ನಿಮ್ಮ ಕಥೆ ಮುಗಿಯಿತು. ಒಬ್ಬ ಕ್ಷೌರಕ್ಕೆ ಕೂತು ನಿದ್ದೆ ಹೋದ. ಎದ್ದಾಗ ತಲೆಗೂದಲು ಹಾಗಿರಲಿ, ಹುಬ್ಬೂ ಇರಲಿಲ್ಲ. ಹೀಗಾಗಿ ನಮ್ಮ ಊರಿನ ಮಕ್ಕಳು ಮೊದಲು ಕಲಿಯುವ ಮಾತು ‘ಅಮ್ಮ’ ಅಲ್ಲ, ‘ಸಾಕು’.

ನಮ್ಮ ಊರು ಅಂದೆ. ಹೌದು, ನಾನು ಅಲ್ಲಿಯವನೇ. ಈ ಕಟ್ಟಳೆಯನ್ನು ಯಾರು ಮಾಡಿದ್ದೆಂದು ಹಿರಿಯರನ್ನು ಕೇಳಿದ್ದೇನೆ. ‘ನಮ್ಮ ಹಿರಿಯರು’ ಎಂದರು. ಅವರನ್ನು ಕೇಳಿದ್ದರೆ ಅವರೂ ಅದನ್ನೇ ಅನ್ನುತ್ತಿದ್ದರು. ಕಟ್ಟಳೆಯಿಂದ ನಮಗೆ ದೊಡ್ಡ ತೊಂದರೆ ಏನೂ ಆಗಿರಲಿಲ್ಲ. ನಾಲಿಗೆ ಚುರುಕಾಗಿದ್ದರೆ ಆಯಿತು.

ಊರಿನ ಪಡುವಣದಲ್ಲಿ ಆರೈಕೆಮನೆ. ಉದ್ದನೆಯ ಮನೆ, ನಲವತ್ತು ಮಂಚ, ನಲವತ್ತು ಕಿಟಕಿ. ಅಲ್ಲಿ ಮದ್ದು ಅಂದರೆ ಗಾಳಿ. ಕಾಯಿಲೆಯವರನ್ನು ಮಂಚದ ಮೇಲೆ ಮಲಗಿಸಿ ಬೀಸಣಿಗೆಯಿಂದ ಬೀಸುತ್ತಾರೆ. ನಗಬೇಡಿ. ಲಾವಂಚದ ಬೇರಿನಲ್ಲಿ ಹೆಣೆದ ಬೀಸಣಿಗೆಯನ್ನು ನೀರಿಗೆ ಅದ್ದಿ, ತಿಳಿದವರು ಬೀಸಿದರೆ ಕಾಯಿಲೆ ಮೈಮೇಲಿನ ಧೂಳಿನಂತೆ ಎದ್ದು ಕಿಟಕಿಯಿಂದ ಹೊರಗೆ ಹೋಗುತ್ತದೆ. ಜ್ವರಕ್ಕೆ ಅಡ್ಡಬೀಸು. ಕೆಮ್ಮಿಗೆ ಉದ್ದಬೀಸು. ಹೊಟ್ಟೆನೋವಿಗೆ ಸುತ್ತುಬೀಸು. ದುಃಖಕ್ಕೆ ಮಾತ್ರ ಬೀಸಿದ್ದೇ ಗೊತ್ತಾಗದಂಥ ಬೀಸು. ಅದು ಕೈಗೆ ಹತ್ತಲು ಮೂರು ವರ್ಷ ಬೇಕು.

ಅದನ್ನು ಕಲಿಯಲು ಬಂದವರು ಹನ್ನೊಂದು ಜನ ಇದ್ದರು. ಅವರನ್ನು ಕಲಿಯುವವರು ಎಂದೇ ಕರೆಯುತ್ತಿದ್ದರು. ಅವರು ಒಳಗೆ ಬರುವ ಬಾಗಿಲ ಮೇಲೆ ಮರದಲ್ಲಿ ಕೆತ್ತಿತ್ತು: ‘ಕೊಡುವವರ ಬಾಯಲ್ಲಿ ಸಾಕು ಇಲ್ಲ.’ ದಿನಾ ಅದರ ಕೆಳಗೆ ತಲೆ ಬಗ್ಗಿಸಿ ಬರುತ್ತಿದ್ದರು, ಏಕೆಂದರೆ ಬಾಗಿಲು ಗಿಡ್ಡ. ಬಂದು ಬೀಸುತ್ತಿದ್ದರು. ಕಾಯಿಲೆಯವರು ಸಾಕು ಅಂದರೆ ಮುಂದಿನ ಮಂಚ. ಅವರು ಸಾಕು ಅಂದರೆ ಅದರ ಮುಂದಿನ ಮಂಚ.

ಆದರೆ ಕಾಯಿಲೆಯವರು ಸಾಕು ಅನ್ನುತ್ತಿರಲಿಲ್ಲ. ಹೊರಗೆ ಮಾತು ಮಾತಿಗೆ ಸಾಕು ಅನ್ನುವ ಜನ, ಮಂಚದ ಮೇಲೆ ಮಲಗಿದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆವು. ಗಾಳಿ ಸಾಕು ಅಂದರೆ ಉಸಿರು ಸಾಕು ಅಂದಂತೆ ಎಂದು ಒಂದು ಹೆದರಿಕೆ. ಸಾಕು ಅಂದರೆ ಇವರು ಹೋಗಿಬಿಡುತ್ತಾರೆ, ಮತ್ತೆ ಯಾವಾಗ ಬರುತ್ತಾರೋ ಎಂದು ಇನ್ನೊಂದು. ಬೇರೆಯವರ ಮೇಲೆ ಯಾಕೆ ಹಾಕಲಿ, ನಾನೇ ಐದನೆಯ ಮಂಚದಲ್ಲಿ ಹನ್ನೆರಡು ದಿನ ಮಲಗಿದ್ದೆ. ಹನ್ನೆರಡು ದಿನದಲ್ಲಿ ಎರಡು ಸಲ ಸಾಕು ಅಂದಿರಬೇಕು, ಅದೂ ಸೀನು ಬಂದದ್ದರಿಂದ.

ಹೀಗಾಗಿ ಕಲಿಯುವವರು ಬೀಸುತ್ತಲೇ ಇದ್ದರು. ಅವರು ಗಂಜಿ ಕುಡಿಯುತ್ತಿದ್ದದ್ದು ಬಾಗಿಲ ಬಳಿ ನಿಂತು, ತಾವೇ ತೋಡಿಕೊಂಡು. ಅವರಿಗೆ ಯಾರೂ ಏನೂ ಬಡಿಸುತ್ತಿರಲಿಲ್ಲವಾದ್ದರಿಂದ ಅವರು ಯಾರಿಗೂ ಸಾಕು ಅನ್ನುವ ಪ್ರಸಂಗವೇ ಬರುತ್ತಿರಲಿಲ್ಲ. ನಿಂತಲ್ಲೇ ನಿದ್ದೆ ಮಾಡುವುದನ್ನು ಕಲಿತಿದ್ದರು. ಅವರಲ್ಲಿ ಒಬ್ಬನನ್ನು ನೋಡಲು ಅವನ ತಾಯಿ ಬಂದು ಕಿಟಕಿಯಿಂದ ಹೆಸರು ಹಿಡಿದು ಕರೆದಳು. ಅವನು ತಿರುಗಿ ನೋಡದೆ ‘ಎಷ್ಟನೆಯ ಮಂಚ?’ ಎಂದು ಕೇಳಿದ. ನಮಗೆ ನಗು ಬಂತು. ತಾಯಿಗೆ ಬರಲಿಲ್ಲ.

ಹಳಬರು ಹೊಸಬರ ಕಿವಿಯಲ್ಲಿ ಒಂದು ಉಪಾಯ ಹೇಳಿಕೊಡುತ್ತಿದ್ದರು. ಮಲಗಿದವರು ನಿದ್ದೆಗೆ ಜಾರುವ ಮೊದಲು ಕೈತಪ್ಪಿದಂತೆ ಬೀಸಣಿಗೆಯನ್ನು ನೆಲಕ್ಕೆ ಬೀಳಿಸಬೇಕು. ಅವರು ಬೆಚ್ಚಿ ‘ಸಾಕು, ಸಾಕು’ ಅನ್ನುತ್ತಾರೆ. ನಿದ್ದೆ ಹೋಗಿಬಿಟ್ಟರೆ ಮಾತ್ರ ಅವರಾಗಿ ಎದ್ದು ಅನ್ನುವ ತನಕ ಬೀಸಬೇಕು. ದಿನಕ್ಕೆ ಎಷ್ಟು ಸಲ ಬೀಸಣಿಗೆ ಬೀಳುವ ಸದ್ದು ಕೇಳುತ್ತಿತ್ತೆಂದರೆ, ಇವರೇನು ಬೀಸುವುದನ್ನು ಕಲಿಯುತ್ತಿದ್ದಾರೋ ಬೀಳಿಸುವುದನ್ನೋ ಎಂದು ನಾವು ಮಂಚದಿಂದ ಮಂಚಕ್ಕೆ ಹೇಳಿಕೊಂಡು ನಗುತ್ತಿದ್ದೆವು.

ಬೀಸಣಿಗೆಯನ್ನು ಬೀಳಿಸದವಳು ಒಬ್ಬಳೇ. ಮೂರನೆಯ ವರ್ಷದ ಹುಡುಗಿ. ಅವಳ ಗಾಳಿ ಹಗುರ, ಮಲಗಿದವರ ರೆಪ್ಪೆ ಕದಲುತ್ತಿರಲಿಲ್ಲ. ಅವಳಿಗೆ ಬೀಸುವುದು ಇಷ್ಟವಿತ್ತು. ಇದನ್ನು ಹೇಳದಿದ್ದರೆ ಕಥೆ ಸುಳ್ಳಾಗುತ್ತದೆ. ನೋವಿನಿಂದ ಗಂಟಿಕ್ಕಿದ ಹುಬ್ಬು ತನ್ನ ಗಾಳಿಗೆ ಸಡಿಲವಾಗುವುದನ್ನು ನೋಡಿದರೆ ಅವಳ ಮುಖ ಅರಳುತ್ತಿತ್ತು. ನಿದ್ದೆ ಹೋಗುವವರನ್ನು ಬೆಚ್ಚಿಬೀಳಿಸಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಅವರು ತಾವಾಗಿ ಎಚ್ಚರಾಗುವ ತನಕ ಬೀಸುತ್ತಿದ್ದಳು. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಬೆಳಿಗ್ಗೆ ಮುಡಿದ ಮಲ್ಲಿಗೆ ಸಂಜೆಗೆ ಬಾಡಿ ಕೂದಲಲ್ಲೇ ಇರುತ್ತಿತ್ತು, ತೆಗೆಯಲು ಪುರುಸೊತ್ತಿಲ್ಲ. ಆ ಹೂವನ್ನು ಅವಳೇ ಕಟ್ಟುತ್ತಿದ್ದದ್ದು. ದಿನದಲ್ಲಿ ಅವಳದು ಅಂತ ಇದ್ದ ಕೆಲಸ ಅದೊಂದೇ: ಬೆಳಿಗ್ಗೆ ಎದ್ದು ಬಾವಿಕಟ್ಟೆಯ ಮೇಲೆ ಕೂತು ಒಂದು ಮೊಳ ಹೂ ಕಟ್ಟುವುದು.

ಏಳನೆಯ ಮಂಚದಲ್ಲಿ ಒಬ್ಬ ನೇಕಾರ ಇದ್ದ. ಬಹಳ ಮಾತಿನವನಲ್ಲ. ಒಂದು ಮಧ್ಯಾಹ್ನ ಅವಳು ಅವನಿಗೆ ಬೀಸಲು ನಿಂತಳು. ಅವನ ಕಣ್ಣು ಮುಚ್ಚಿತು. ಅವಳು ಬೀಸಿದಳು. ಕಿಟಕಿಯ ಬಿಸಿಲು ಅವನ ಕಾಲಿನಿಂದ ಎದೆಗೆ ಬಂತು, ಅವಳು ಬೀಸಿದಳು. ಒಮ್ಮೆ ಅವನ ಬಲಗೈ ಎದ್ದು ಎದೆಯ ಮೇಲೆ ಅಡ್ಡವಾಗಿ ಬಿತ್ತು. ಚಳಿಯಾಗಿರಬೇಕೆಂದು ಅವಳು ಎಡಗೈಯಿಂದ ಹೊದಿಕೆಯನ್ನು ಅದರ ಮೇಲೆ ಎಳೆದು, ಬಲಗೈಯಿಂದ ಬೀಸುತ್ತಲೇ ಇದ್ದಳು. ಬಿಸಿಲು ಎದೆಯಿಂದ ಗೋಡೆಗೆ ಹೋಯಿತು. ಅಷ್ಟು ಹೊತ್ತಿಗೆ ನೇಕಾರ ತೀರಿಕೊಂಡಿದ್ದ, ಸಾಕು ಅನ್ನದೆ.

ಅವನನ್ನು ಎತ್ತಿಕೊಂಡು ಹೋದರು. ಅವಳು ಖಾಲಿ ಮಂಚಕ್ಕೆ ಬೀಸುತ್ತಿದ್ದಳು. ಯಾರೋ ಬೀಸಣಿಗೆ ಕಿತ್ತುಕೊಂಡರು. ಬರಿಗೈ ಬೀಸುತ್ತಿತ್ತು. ಅವಳು ಕೈಯನ್ನು ನೀರಿನಲ್ಲಿ ಅದ್ದಿದಳು, ನೀರಲ್ಲಿ ಅಲೆ ಎದ್ದಿತು. ಕೈಯ ಮೇಲೆ ಕೂತಳು, ತಾನೇ ತೂಗಿದಳು. ಸೆರಗಿನಲ್ಲಿ ಕಟ್ಟಿಕೊಂಡಳು, ಸೆರಗು ಹಾರಿತು. ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಕೂತು ಹೂ ಕಟ್ಟಲು ನೋಡಿದಳು. ಹೂವೆಲ್ಲ ಬಾವಿಗೆ ಹಾರಿಹೋಯಿತು. ಆಗ ಅವಳಿಗೆ ಅಳು ಬಂತು.

ಆರೈಕೆಮನೆಯಲ್ಲಿ ಅದನ್ನು ಕಾಯಿಲೆ ಎಂದು ಯಾರೂ ಅನ್ನಲಿಲ್ಲ. ಕೈ ನಿಲ್ಲದೆ ಹೋದವರಿಗೆ ಅಲ್ಲಿ ದೊಡ್ಡ ಮರ್ಯಾದೆ. ‘ನಿಲ್ಲದ ಕೈಯವರು’ ಎಂದು ಅವರ ಹೆಸರನ್ನು ಗೋಡೆಯ ಕಲ್ಲಿನಲ್ಲಿ ಕೆತ್ತುತ್ತಾರೆ. ಎಂಟನೆಯ ದಿನ ಮಣಿಕಟ್ಟಿಗೆ ಬೆಳ್ಳಿಯ ಕಡಗ ತೊಡಿಸುತ್ತಾರೆ. ಕಡಗ ತೊಟ್ಟ ಮೇಲೆ ಆ ಕೈ ಆರೈಕೆಮನೆಯದು, ಇನ್ನು ಎಂದೂ ನಿಲ್ಲುವುದಿಲ್ಲ. ಉಳಿದ ಹತ್ತು ಜನ ಬಂದು ಅವಳ ಕೈಗೆ ಗಂಧ ಹಚ್ಚಿದರು. ‘ನಿನ್ನ ಪುಣ್ಯ’ ಎಂದರು. ಅವರ ಮುಖದಲ್ಲಿ ಹೊಟ್ಟೆಕಿಚ್ಚೂ ಇತ್ತು, ಸದ್ಯ ನಾನಲ್ಲ ಎಂಬ ನೆಮ್ಮದಿಯೂ ಇತ್ತು. ಅವಳಿಗೆ ಮಾತ್ರ ಹೆದರಿಕೆ. ಇನ್ನು ತಾನು ಒಂದು ಮೊಳ ಹೂ ಕಟ್ಟುವಂತಿಲ್ಲ, ಒಂದು ತುತ್ತು ಕಲಸುವಂತಿಲ್ಲ, ಒಂದು ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಎಂಟು ದಿನದೊಳಗೆ ಈ ಕೈ ನಿಲ್ಲಬೇಕು, ಇಲ್ಲವಾದರೆ ಇಲ್ಲ.

ಮುಂದಿನ ಕೆಲವು ಸಂಗತಿ ನಾನು ಕಣ್ಣಾರೆ ಕಂಡದ್ದಲ್ಲ. ಆಮೇಲೆ ಅವಳೇ ನನ್ನ ಮಂಚದ ಪಕ್ಕ ಕೂತು ಹೇಳಿದ್ದು.

ನಾಲ್ಕನೆಯ ದಿನ ಅವಳು ನೇಕಾರನ ಮನೆಗೆ ಹೋದಳು. ಅವನ ಹೆಂಡತಿ ಮಗ್ಗದ ಮುಂದೆ ಸುಮ್ಮನೆ ಕೂತಿದ್ದಳು. ಬೀಸುವ ಕೈಯನ್ನು ನೋಡಿ ಅವಳಿಗೆ ಎಲ್ಲ ತಿಳಿಯಿತು.

‘ಅಕ್ಕಾ, ಅವರ ಬದಲಿಗೆ ನೀವಾದ್ರೂ ಒಂದು ಸಲ ಅಂದ್ಬಿಡಿ’ ಎಂದಳು ಹುಡುಗಿ.

‘ಸಾಕು’ ಎಂದಳು ನೇಕಾರನ ಹೆಂಡತಿ. ಕೈ ನಿಲ್ಲಲಿಲ್ಲ. ‘ಸಾಕು ಕಣಮ್ಮಾ, ತುಂಬ ಸಾಕು’ ಎಂದಳು. ಕೈ ನಿಲ್ಲಲಿಲ್ಲ.

ಆಮೇಲೆ ನೇಕಾರನ ಹೆಂಡತಿ ಅಂದಳು: ‘ಅವರು ಬಾಯ್ಬಿಟ್ಟು ಸಾಕು ಅಂದೋರೇ ಅಲ್ಲ ಬಿಡು. ಮದುವೆಯಾಗಿ ಇಪ್ಪತ್ತಾರು ವರ್ಷ, ಒಂದು ದಿನ ಆ ಮಾತು ಕೇಳಿಲ್ಲ ನಾನು. ಊಟಕ್ಕೆ ಕೂತ್ರೆ ಎಲೆ ಮೇಲೆ ಕೈ ಅಡ್ಡ ಇಡ್ತಿದ್ರು, ಅಷ್ಟೆ. ನಾನೇ ಅರ್ಥ ಮಾಡ್ಕೋಬೇಕಿತ್ತು.’

ಹುಡುಗಿಗೆ ನೆನಪಾಯಿತು. ಎದೆಯ ಮೇಲೆ ಅಡ್ಡವಾಗಿ ಬಿದ್ದ ಆ ಕೈ. ಅವಳು ಹೊದಿಕೆ ಎಳೆದು ಮುಚ್ಚಿದ ಕೈ. ಅವನು ಅಂದಿದ್ದ. ಇವಳಿಗೆ ಕಾಣಲಿಲ್ಲ. ಅವಳು ನೇಕಾರನ ಹೆಂಡತಿಗೆ ಅದನ್ನು ಹೇಳಿದಳು. ಇಬ್ಬರೂ ಅತ್ತರು. ನಡುವೆ ಯಾಕೋ ಸ್ವಲ್ಪ ನಕ್ಕರು ಕೂಡ. ‘ಕೊನೇಲೂ ಅದನ್ನೇ ಮಾಡಿದ್ರಾ’ ಎಂದು ನೇಕಾರನ ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಇನ್ನು ಕೈ ನಿಲ್ಲುತ್ತದೆ ಎಂದು ಹುಡುಗಿ ಹಿಂತಿರುಗಿದಳು. ಸಾಕು ಅಂದಾಗಿದೆ, ಅಂದದ್ದು ತಿಳಿದೂ ಆಗಿದೆ. ದಾರಿಯುದ್ದಕ್ಕೂ ಕೈಯನ್ನು ನೋಡುತ್ತ ಬಂದಳು. ಕೈ ಬೀಸುತ್ತಲೇ ಇತ್ತು.

ಐದನೆಯ ದಿನ ಅವಳು ದೊಡ್ಡವರ ಬಳಿ ಹೋದಳು. ಆರೈಕೆಮನೆಗೆಲ್ಲ ಹಿರಿಯರಾದವರನ್ನು ದೊಡ್ಡವರು ಎನ್ನುತ್ತಿದ್ದರು. ಅವರು ಯಾವಾಗಲೂ ದಪ್ಪ ಶಾಲು ಹೊದ್ದು ಕೂತಿರುತ್ತಿದ್ದರು. ಒಳ್ಳೆಯ ಮನುಷ್ಯ, ಯಾರನ್ನೂ ಗದರಿದವರಲ್ಲ. ಅವರ ಹತ್ತಿರ ಹೋದರೆ ಸಣ್ಣಗೆ ಗಾಳಿ ತಾಗುತ್ತಿತ್ತು. ಅದು ಅವರ ತಪಸ್ಸಿನ ಗಾಳಿ ಎಂದು ನಾವೆಲ್ಲ ಕೈಮುಗಿಯುತ್ತಿದ್ದೆವು.

‘ನೇಕಾರರು ಕೈ ಅಡ್ಡ ಇಟ್ಟು ಆ ಮಾತು ಅಂದಿದ್ರಂತೆ ದೊಡ್ಡವರೇ. ನನಗೇ ಗೊತ್ತಾಗಲಿಲ್ಲ. ಆದ್ರೂ ಕೈ ನಿಲ್ತಿಲ್ಲ.’

‘ನಿಲ್ಲೋದಿಲ್ಲ’ ಎಂದರು ದೊಡ್ಡವರು.

‘ನಾನೇ ಅಂದ್ರೆ?’

‘ಕೊಡೋರ ಬಾಯಲ್ಲಿ ಆ ಮಾತು ಇಲ್ಲಮ್ಮ. ಬಾಗಿಲ ಮೇಲೆ ಓದಿಲ್ವಾ?’ ಅವರ ದನಿ ಮೆತ್ತಗಿತ್ತು. ‘ಮೊದಮೊದಲು ಎಲ್ಲರಿಗೂ ಭಯ ಆಗುತ್ತೆ. ಊಟ ಎಡಗೈಲಿ ರೂಢಿ ಆಗುತ್ತೆ. ನಿದ್ದೇನೂ ಒಂಥರಾ ಬರುತ್ತೆ. ಒಂದೆರಡು ವರ್ಷ ಕಳೆದ್ರೆ ಕೈ ಅನ್ನೋದು ಇದೆ ಅನ್ನೋದೇ ಮರೆತುಹೋಗುತ್ತೆ.’

‘ನಿಮಗೆ ಮರೆತುಹೋಯ್ತಾ?’

ದೊಡ್ಡವರು ಶಾಲನ್ನು ಕತ್ತಿನವರೆಗೂ ಎಳೆದುಕೊಂಡರು. ಶಾಲಿನ ಒಳಗೆ ಏನೋ ಹಕ್ಕಿಯಂತೆ ಪಟಪಟ ಬಡಿದುಕೊಳ್ಳುತ್ತಿತ್ತು. ಮೂವತ್ತು ವರ್ಷದಿಂದ ನಾವು ಕೈಮುಗಿಯುತ್ತಿದ್ದ ಗಾಳಿ ಎಲ್ಲಿಂದ ಬರುತ್ತಿದೆ ಎಂದು ಅವಳಿಗೆ ತಿಳಿಯಿತು. ಗೋಡೆಯಲ್ಲಿ ಅವರ ಹೆಸರೂ ಇತ್ತು, ಆದರೆ ದೊಡ್ಡವರು ಎಂದೇ ಕರೆದು ಕರೆದು ಆ ಹೆಸರು ಯಾರದೆಂದು ನಾವು ಮರೆತಿದ್ದೆವು.

ಏಳನೆಯ ದಿನ ಮಧ್ಯಾಹ್ನ ಅವಳು ಬಾಗಿಲ ಬಳಿ ನಿಂತು ಎಡಗೈಯಲ್ಲಿ ಗಂಜಿ ಕುಡಿಯುತ್ತಿದ್ದಳು. ಅರ್ಧ ಗಂಜಿ ಸೀರೆಯ ಮೇಲಿತ್ತು. ಆರೈಕೆಮನೆಯ ಅಡುಗೆಯವ್ವ ಅದನ್ನು ನೋಡಿದಳು. ಆ ಹೆಂಗಸಿನ ಬಾಯಿ ಜೋರು. ನಲವತ್ತು ಮಂಚಕ್ಕೂ ಅವಳ ಬೈಗುಳ ಕೇಳುತ್ತಿತ್ತು, ನಮ್ಮಲ್ಲಿ ಕೆಲವರು ಗುಣವಾದದ್ದು ಅದರಿಂದಲೇ ಎಂದು ನನ್ನ ಅನುಮಾನ.

‘ಯಾಕೆ ಹಿಂಗೆ ನಿಂತ್ಕೊಂಡು ಕುಡೀತೀಯ? ಕುದುರೆನಾ ನೀನು? ಬಾ ಇಲ್ಲಿ, ಕೂತ್ಕೋ.’

‘ನಾವು ಕೂರೋ ಹಾಗಿಲ್ಲ ಅವ್ವಾ.’

‘ಯಾರ್ ಹೇಳಿದ್ದು?’

ಹುಡುಗಿ ಯೋಚಿಸಿದಳು. ಯಾರೂ ಹೇಳಿರಲಿಲ್ಲ. ಹಳಬರು ನಿಂತು ಕುಡಿಯುತ್ತಿದ್ದರು, ಅವಳೂ ನಿಂತಳು. ಅಷ್ಟೇ.

ಅಡುಗೆಯವ್ವ ಅವಳನ್ನು ಒಲೆಯ ಪಕ್ಕ ಕೂರಿಸಿ ಎಲೆ ಹಾಕಿದಳು. ಬಿಸಿ ಅನ್ನ ಬಡಿಸಿದಳು. ಮೂರು ವರ್ಷದಲ್ಲಿ ಮೊದಲ ಸಲ ಹುಡುಗಿಯ ಎಲೆಗೆ ಬೇರೊಬ್ಬರ ಕೈಯಿಂದ ಅನ್ನ ಬೀಳುತ್ತಿತ್ತು. ಅವಳಿಗೆ ಕಣ್ಣು ತುಂಬಿತು. ಅನ್ನ ಬೀಳುತ್ತಲೇ ಇತ್ತು. ಸಾಕು ಅನ್ನಬೇಕು ಎಂದು ನೆನಪಾಗಿ ಬಾಯಿ ತೆರೆದಳು, ಮಾತು ಬರಲಿಲ್ಲ. ಬಳಸದೆ ಇಟ್ಟ ಬೀಗದಂತೆ ನಾಲಿಗೆಗೆ ತುಕ್ಕು ಹಿಡಿದಿತ್ತು. ಅನ್ನ ಮೊಣಕಾಲಿನ ಎತ್ತರಕ್ಕೆ ಬಂತು. ಅಡುಗೆಯವ್ವ ಸಾರು ಬಿಟ್ಟಳು. ಸಾರು ಎಲೆ ದಾಟಿ, ಒಲೆಯ ಮುಂದೆ ಹರಿದು, ಹೊಸ್ತಿಲ ಕಡೆಗೆ ಹೊರಟಿತು. ಹುಡುಗಿ ಬಾಯಿ ತೆರೆದುಕೊಂಡೇ ಇದ್ದಳು. ಸಾರು ಹೊಸ್ತಿಲು ಮುಟ್ಟಿತು.

‘ಸಾಕು’ ಎಂದು ಅಡುಗೆಯವ್ವ ಸೌಟು ಇಟ್ಟಳು.

ಹುಡುಗಿ ಗಾಬರಿಯಾಗಿ ಅವಳನ್ನು ನೋಡಿದಳು. ‘ನೀವು ಬಡಿಸೋರು. ನೀವು ಅನ್ನೋ ಹಾಗಿಲ್ಲ.’

‘ಯಾಕೆ ಅನ್ನೋ ಹಾಗಿಲ್ಲ? ನಾಲ್ಕು ಮಕ್ಕಳನ್ನ ಸಾಕಿದೀನಿ ಕಣೇ ನಾನು. ಸಾಕು ಅನ್ನದೆ ಯಾರಾದ್ರೂ ಸಾಕೋಕಾಗುತ್ತಾ? ನೀರಲ್ಲಿ ಆಡ್ತಾ ಕೂತ್ರೆ ಸಾಕು ಬಾರೋ ಅಂತೀನಿ. ಹಬ್ಬದ ದಿನ ಆರನೇ ಹೋಳಿಗೆಗೆ ಕೈ ಚಾಚಿದ್ರೆ ಸಾಕು ಹೊಟ್ಟೆ ಕೆಡುತ್ತೆ ಅಂತೀನಿ. ನನ್ನ ಸೊಂಟ ಬಿದ್ದುಹೋದ್ರೆ ಸಾಕಪ್ಪಾ ನಿಮ್ಮ ಚಾಕರಿ, ನಾನು ಸ್ವಲ್ಪ ಮಲಗ್ತೀನಿ ಅಂತೀನಿ. ಅವರೇನು ಸತ್ತೋದ್ರಾ? ಒಬ್ಬೊಬ್ಬನೂ ಬಾಗಿಲಷ್ಟು ಬೆಳೆದಿದಾನೆ.’

‘ಕಟ್ಟಳೆ ಇದೆಯಲ್ಲ ಅವ್ವಾ.’

‘ಕಟ್ಟಳೆ ಮಾಡಿದೋನು ಮಕ್ಕಳನ್ನ ಸಾಕಿರಲಿಲ್ಲ ಅನ್ಸುತ್ತೆ’ ಎಂದು ಅಡುಗೆಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಸಾರು ಒರೆಸಲು ಕೂತಳು. ‘ಸಾಕೋದು ಅಂದ್ರೂ ಸಾಕು, ಬೇಡ ಅಂದ್ರೂ ಸಾಕು. ಎರಡಕ್ಕೂ ಒಂದೇ ಮಾತು ಇಟ್ಟಿದಾರೆ ನಮ್ಮೋರು. ಒಂದನ್ನ ಬಾಯಿಂದ ಕಿತ್ತುಹಾಕಿದ್ರೆ ಇನ್ನೊಂದು ಉಳಿಯುತ್ತಾ? ಉಣ್ಣು ಈಗ. ಎಡಗೈಲಾದ್ರೂ ಉಣ್ಣು, ನಾನೇನು ಅಂದ್ಕೊಳಲ್ಲ.’

ಹುಡುಗಿ ಉಂಡಳು. ಉಣ್ಣುತ್ತ ಉಣ್ಣುತ್ತ ಬಾಯೊಳಗೇ ಆ ಮಾತನ್ನು ಹೊರಳಿಸಿ ನೋಡಿದಳು. ಸಾಕುತಾಯಿ. ಸಾಕುಮಗಳು. ಸಾಕಿ ಸಲಹಿದವರು. ದಿನಾ ಕೇಳಿದ ಮಾತೇ. ಬಲಗೈ ಪಕ್ಕದಲ್ಲಿ ಒಲೆಯ ಕೆಂಡಕ್ಕೆ ಗಾಳಿ ಬೀಸುತ್ತಿತ್ತು. ‘ಇದೊಂದು ಉಪಕಾರ ಆಯ್ತು ನೋಡು’ ಎಂದು ಅಡುಗೆಯವ್ವ ಪಾತ್ರೆ ಏರಿಸಿದಳು.

ಎಂಟನೆಯ ದಿನ ಬೆಳಿಗ್ಗೆ ಕಡಗ ತೊಡಿಸುವ ಶಾಸ್ತ್ರ. ನಮ್ಮೆಲ್ಲರ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದರು. ಕಲಿಯುವವರು ಹತ್ತು ಜನ ಸಾಲಾಗಿ ನಿಂತಿದ್ದರು, ಇಬ್ಬರು ಮೂವರು ನಿಂತಲ್ಲೇ ನಿದ್ದೆಯಲ್ಲಿದ್ದರು. ಗೋಡೆಯಲ್ಲಿ ಹೆಸರು ಕೆತ್ತಲು ಕಲ್ಲುಕುಟಿಗ ಉಳಿ ಹಿಡಿದು ಕಾದಿದ್ದ. ಶಾಸ್ತ್ರ ಏನೆಂದರೆ, ಅವಳು ಎಲ್ಲರ ಮುಂದೆ ಒಬ್ಬ ಕಾಯಿಲೆಯವರಿಗೆ ಬೀಸುತ್ತಿರಬೇಕು, ಬೀಸುವ ಕೈಗೆ ದೊಡ್ಡವರು ಕಡಗ ತೊಡಿಸಬೇಕು. ಅದಕ್ಕೆ ಮೂರನೆಯ ಮಂಚದ ಅಜ್ಜಿಯನ್ನು ಆರಿಸಿದ್ದರು. ಆ ಅಜ್ಜಿ ಬಂದು ತಿಂಗಳಾಗಿತ್ತು, ಒಂದು ಸಲವೂ ಸಾಕು ಅಂದಿರಲಿಲ್ಲ.

ಹುಡುಗಿಯ ಕೈಗೆ ಬೀಸಣಿಗೆ ಕೊಟ್ಟರು. ಅವಳು ಬೀಸಿದಳು. ಲಾವಂಚದ ವಾಸನೆ ನನ್ನ ಮಂಚದವರೆಗೂ ಬಂತು. ಇಂಥ ಗಾಳಿ ಬೀಸುವ ಕೈ ನಿಂತರೆ ನಮ್ಮ ಗತಿಯೇನು ಎಂದು ನನಗೆ ಅನ್ನಿಸಿತು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ಬೇಗ ಕಡಗ ತೊಡಿಸಲಿ ಎಂದೇ ನಾನು ಆಸೆಪಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ದೊಡ್ಡವರು ಎಡಗೈಯಲ್ಲಿ ಕಡಗ ಹಿಡಿದು ಎದ್ದರು. ಮೂರು ಹೆಜ್ಜೆ ಇಟ್ಟರು. ಹುಡುಗಿಯ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ದೊಡ್ಡವರು ಇನ್ನೂ ಎರಡು ಹೆಜ್ಜೆ ಇಟ್ಟರು. ಅವಳು ಬಗ್ಗಿ ಅಜ್ಜಿಯ ಕಿವಿಯ ಹತ್ತಿರ ಏನೋ ಅಂದಳು.

‘ಏನಂದೆ ಮಗಾ? ಕೇಳಿಸಲಿಲ್ಲ’ ಎಂದಳು ಅಜ್ಜಿ.

‘ಸಾಕು’ ಎಂದಳು ಹುಡುಗಿ. ಈಗ ನಲವತ್ತು ಮಂಚಕ್ಕೂ ಕೇಳಿಸಿತು. ‘ಸಾಕು ಅಂದೆ ಅಜ್ಜಿ. ನನಗೆ ಸುಸ್ತಾಗಿದೆ. ಸ್ವಲ್ಪ ಕೂತ್ಕೋತೀನಿ, ಏನಾದ್ರೂ ಉಂಡು ಬರ್ತೀನಿ. ಆಮೇಲೆ ಬಂದು ಮತ್ತೆ ಬೀಸ್ತೀನಿ.’

ಕಲ್ಲುಕುಟಿಗ ತಲೆಯ ಮೇಲಿನ ತೊಲೆಯನ್ನು ನೋಡಿದ, ಬೀಳುತ್ತದೆ ಎಂದುಕೊಂಡನೋ ಏನೋ. ತೊಲೆ ಬೀಳಲಿಲ್ಲ. ಕೈ ಇನ್ನೂ ಎರಡು ಸಲ ಬೀಸಿತು, ಮಗು ಇಳಿದ ಮೇಲೂ ಉಯ್ಯಾಲೆ ಆಡುವ ಹಾಗೆ. ಆಮೇಲೆ ನಿಂತಿತು. ಹುಡುಗಿ ಅದನ್ನು ತಿರುಗಿಸಿ ನೋಡಿದಳು, ಮಡಿಲಲ್ಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಳು.

‘ಅಯ್ಯೋ, ಕೂತ್ಕೋ ತಾಯಿ’ ಎಂದಳು ಅಜ್ಜಿ. ‘ಎರಡು ವಾರದಿಂದ ಚಳಿ ನನಗೆ. ಹಲ್ಲು ಕಟಕಟ ಅಂತಿದ್ವು. ಇಷ್ಟು ಮನಸಿಟ್ಟು ಬೀಸ್ತಿದೀಯಲ್ಲ, ಸಾಕು ಅಂದ್ರೆ ಬೇಜಾರು ಮಾಡ್ಕೋತೀಯೇನೋ ಅಂತ ಸುಮ್ನಿದ್ದೆ.’

ಹನ್ನೊಂದನೆಯ ಮಂಚದಿಂದ ಒಂದು ದನಿ ‘ನನಗೂ ಚಳಿ’ ಎಂದಿತು. ಇಪ್ಪತ್ತನೆಯ ಮಂಚದವನು ತನಗೂ ಎಂದ. ನಾನೂ ಅಂದೆ. ಹತ್ತು ದಿನದಿಂದ ಹೊದಿಕೆಯೊಳಗೆ ಮುದುರಿಕೊಂಡು, ಅವರು ಹೋಗಿಬಿಟ್ಟಾರೆಂದು ಹೆದರಿ, ಬೇಡದ ಗಾಳಿಯನ್ನು ಕುಡಿಯುತ್ತ ಮಲಗಿದ್ದವನು ನಾನು. ಯಾರೋ ನಕ್ಕರು. ನಗು ಮಂಚದಿಂದ ಮಂಚಕ್ಕೆ ಹೋಯಿತು. ಸಾಲಿನಲ್ಲಿ ನಿಂತು ನಿದ್ದೆ ಮಾಡುತ್ತಿದ್ದವರು ಎಚ್ಚರಾಗಿ, ಏನಾಯಿತೆಂದು ತಿಳಿಯದೆ, ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು.

‘ದೊಡ್ಡವರೇ’ ಎಂದಳು ಅಜ್ಜಿ, ‘ಆ ಶಾಲು ಇತ್ತ ಕೊಡ್ತೀರಾ? ದಪ್ಪಗಿದೆ.’

ದೊಡ್ಡವರು ತಮ್ಮ ಶಾಲನ್ನು ನೋಡಿಕೊಂಡರು. ಮೂವತ್ತು ವರ್ಷದಲ್ಲಿ ಅವರನ್ನು ಗಾಳಿ ಕೇಳಿದವರಿದ್ದರು, ಶಾಲು ಕೇಳಿದವರಿರಲಿಲ್ಲ. ಆಮೇಲೆ ಕಡಗವನ್ನು ಮಂಚದ ಮೇಲಿಟ್ಟು ಶಾಲು ತೆಗೆದು, ಅದನ್ನು ಎಡಗೈಯಿಂದಲೇ ಅಜ್ಜಿಗೆ ಹೊದಿಸಿದರು. ಅವರ ಬಲಗೈ ಬೀಸುತ್ತಿತ್ತು. ಬೀಸಣಿಗೆ ಇರಲಿಲ್ಲ, ಎದುರಿಗೆ ಕಾಯಿಲೆಯವರೂ ಇರಲಿಲ್ಲ. ಕೈ ಅಷ್ಟು ಸಣ್ಣಗಾಗಿತ್ತೆಂದರೆ ಅದರ ಕಡಗ ಮೊಣಕೈಯವರೆಗೆ ಜಾರಿತ್ತು. ನಮಗೆ ಯಾರಿಗೂ ನಗು ಬರಲಿಲ್ಲ.

ಅವರು ಹುಡುಗಿಯ ಕಡೆ ನೋಡಿದರು. ಕಲಿಯಲು ಬಂದ ಮೊದಲ ದಿನ ಎಲ್ಲರೂ ನೋಡುವ ಹಾಗೆ.

‘ಅದನ್ನ ಹೇಗಮ್ಮ ಅನ್ನೋದು?’

‘ಮೊದಲು ಬಾಯಿ ಒಣಗುತ್ತೆ ದೊಡ್ಡವರೇ’ ಎಂದಳು ಅವಳು. ‘ಅದಕ್ಕೆ ಹೆದರಬೇಡಿ.’ ಪಕ್ಕಕ್ಕೆ ಸರಿದು ಮಂಚದ ಅಂಚಿನಲ್ಲಿ ಜಾಗ ಮಾಡಿಕೊಟ್ಟಳು.

ದೊಡ್ಡವರು ಕೂತರು. ಎರಡು ಸಲ ಗಂಟಲು ಸರಿಮಾಡಿಕೊಂಡರು. ಅಡುಗೆಯವ್ವ ಒಂದು ಲೋಟ ನೀರು ತಂದು ಅವರ ಎಡಗೈಗೆ ಕೊಟ್ಟಳು. ಅವರು ಕುಡಿದು, ತುಟಿ ಒರೆಸಿಕೊಂಡು, ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ನಾವು ನಲವತ್ತು ಜನ ಹೊದಿಕೆ ಹೊದ್ದು ಕಾಯುತ್ತ ಕೂತೆವು. ಯಾರಿಗೂ ಆತುರವಿರಲಿಲ್ಲ.